ಒಳ್ಳೆಯವರಿಗೆ ಮಾತ್ರ ಕೊಡುವ ಸೈಕಲ್

"ಸೈಕಲ್ ಮಾರಾಟಕ್ಕಿದೆ. ಒಳ್ಳೆಯವರಿಗೆ ಮಾತ್ರ."

ಹಳೆ ಸಾಮಾನು ಮಾರುವ ಆ್ಯಪಿನಲ್ಲಿ ಇದನ್ನು ಓದಿ ಒಂದು ಕ್ಷಣ ಫೋನು ಕೆಳಗಿಟ್ಟೆ. ವಿಜಯಪುರ ಜಿಲ್ಲೆಯ ನಮ್ಮ ಇಂಡಿಯಲ್ಲಿ ಸೈಕಲ್ ಮಾರುವವರು ಬ್ರೇಕು, ಟಯರು, ಬೆಲೆಯ ಮಾತಾಡುತ್ತಾರೆಯೇ ಹೊರತು ಕೊಳ್ಳುವವನ ನಡತೆ ವಿಚಾರಿಸುವುದಿಲ್ಲ. ವಿಚಾರಿಸಿದ್ದರೆ ನಮ್ಮೂರ ಅರ್ಧ ಜನ ಇನ್ನೂ ನಡೆದೇ ಓಡಾಡುತ್ತಿದ್ದರು, ನನ್ನನ್ನೂ ಸೇರಿಸಿ. ಫೋಟೊದಲ್ಲಿ ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿತ್ತು. ನಿಂಬೆಯ ಸೀಮೆಯವನು ನಾನು. ಹಣ್ಣು ತಾಜಾ ಇದೆ, ಅಂದರೆ ಫೋಟೊ ಹೊಸದು ಎಂದು ಪತ್ತೇದಾರಿಕೆ ಮಾಡಿದೆ. ಬೆಲೆ ಹೊಸದರ ಕಾಲುಭಾಗ. ಇಷ್ಟು ಅಗ್ಗ, ಮೇಲೆ ಇಷ್ಟು ಧರ್ಮ! ಕದ್ದ ಮಾಲೇ ಇರಬೇಕು.

ನಾನು ಚಿಂತಾಮಣಿಗೆ ಬಂದು ಆಗ ನಾಲ್ಕು ತಿಂಗಳು. ಊರ ಹೊರಗೆ, ಮುರುಗಮಲ್ಲದ ರಸ್ತೆಯಲ್ಲಿ, ಟೊಮೆಟೊ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಸಸಿಗಳಿಗೆ ನೀರು ಬೀಳಬೇಕು. ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಆ ಗುರುವಾರ ಮಾಲೀಕರು ಬಾಡಿದ ಸಸಿಗಳ ಟ್ರೇಯೊಂದನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೋಡಪ್ಪ, ಸೋಮವಾರದಿಂದ ಆರಕ್ಕೆ ಬರಂಗಿದ್ರೆ ಬಾ. ಇಲ್ಲಾಂದ್ರೆ ಬರ್ಲೇಬೇಡ" ಎಂದಿದ್ದರು. ಸೈಕಲ್ ಸಿಗದಿದ್ದರೆ ಸೋಮವಾರ ನಾನು ಊರಿನ ಬಸ್ಸು ಹತ್ತುವವನೇ.

ಇಲ್ಲಿ ಬದುಕಲು ನಾನು ಕಂಡುಕೊಂಡಿದ್ದ ಉಪಾಯ ಒಂದೇ, ಅಣಕ. ಮಾರುಕಟ್ಟೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿ ಉರ್ದುವಿನಲ್ಲಿ ಮುಗಿಯುತ್ತದೆ. ನಾನು ಬಾಯಿ ಬಿಟ್ಟರೆ ಮಾತ್ರ ಎಲ್ಲರೂ ತಿರುಗಿ, "ಯಾವ ಕಡೆಯೋರಪ್ಪ ನೀವು, ಬೆಳಗಾವಾ?" ಅನ್ನುತ್ತಾರೆ. ಮೊದಲ ದಿನ ರಾಗಿಮುದ್ದೆಯನ್ನು ನಾನು ಜೋಳದ ರೊಟ್ಟಿಯಂತೆ ಅಗಿಯುತ್ತ ಕೂತಾಗ ಇಡೀ ಹೋಟೆಲು ಊಟ ನಿಲ್ಲಿಸಿ ನೋಡಿತು. ಬಸ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನ ಸಾರು, ಇರುವುದೇ ಮುದ್ದೆಯನ್ನು ಅಗಿಯದೆ ಜಾರಿಸಲು ಎಂಬುದು ತಡವಾಗಿ ತಿಳಿಯಿತು. ಅಂದಿನಿಂದ ಕನ್ನಡಿಯ ಮುಂದೆ ನಿಂತು "ಐತೆ", "ಹೋಗಣ", "ಇಲ್ಲ ಕಣೋ" ಎಂದು ಅಭ್ಯಾಸ ಮಾಡುತ್ತಿದ್ದೆ.

ಹಾಗಾಗಿ ಫೋನಿನಲ್ಲೂ ಪಕ್ಕಾ ಇಲ್ಲಿನವನ ದನಿ ತೆಗೆದೆ. "ಅಣ್ಣಾ, ಸೈಕಲ್ ಐತಾ?"

"ಐತೆ. ಯಾವೂರಪ್ಪ?"

ಹೊರಗಿನವನೆಂದು ತಿಳಿದರೆ ಬೆಲೆ ಏರಿಸಿಯಾರು ಎಂಬ ಅನುಮಾನ. ದಿನಾ ಬಸ್ಸಿನ ಬೋರ್ಡಿನಲ್ಲಿ ಓದುತ್ತಿದ್ದ ಹೆಸರೇ ನಾಲಿಗೆಗೆ ಬಂತು. "ಇಲ್ಲೇ ಅಣ್ಣಾ, ಮುರುಗಮಲ್ಲ."

"ಮುರುಗಮಲ್ಲನಾ? ಯಾರ ಮನೆಯೋನು?"

"ದರ್ಗಾ ಹತ್ರ ಅಣ್ಣಾ." ಅಲ್ಲಿ ದರ್ಗಾ ಇದೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

"ಸರಿ. ನಾಳೆ ಬೇಡ. ಶುಕ್ರವಾರ ಮನೆ ವಸ್ತು ಆಚೆ ಕೊಡಲ್ಲ. ಶನಿವಾರ ಬಾ."

ಒಂದು ದಿನ ತಳ್ಳುತ್ತಿದ್ದಾರೆ, ಬಣ್ಣ ಬಳಿಯಲಿಕ್ಕೇ ಇರಬೇಕು ಅಂದುಕೊಂಡೆ. ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದರೆ ಅವಳದು ಬೇರೆಯೇ ಗಾಬರಿ: "ಶನಿವಾರ ಕಬ್ಬಣ ಮನಿಗಿ ತರಬ್ಯಾಡೋ ಮಲ್ಲೂ! ಶನಿ ಹೆಗಲೇರ್ತಾನ!" ಅಲ್ಲಿಗೆ ನನ್ನ ನೌಕರಿ ಭಾನುವಾರ ಒಂದರ ಮೇಲೆ ನಿಂತಿತು.

ಭಾನುವಾರ ಸೈಕಲ್ ಇದ್ದ ಶಿಡ್ಲಘಟ್ಟಕ್ಕೆ ಹೋದೆ. ಸೈಕಲ್ ಮಾರುತ್ತಿದ್ದ ಆಂಜಿನಪ್ಪ, ಅವರ ಹೆಂಡತಿ ರತ್ನಮ್ಮ, ಮತ್ತೆ ಬಿಳಿ ಅಂಗಿಯ ಇನ್ನೊಬ್ಬರು ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಸೈಕಲ್ ಅವರ ಮಗಳದ್ದಂತೆ. ಚಿಕ್ಕಬಳ್ಳಾಪುರದಲ್ಲಿ ನರ್ಸ್ ಕೆಲಸ ಸಿಕ್ಕಿ ಅವಳು ಹಾಸ್ಟೆಲ್ಲಿಗೆ ಹೋಗಿದ್ದಳು. ನಾನು ಸೈಕಲ್ಲನ್ನು ತಲೆಕೆಳಗು ಮಾಡಿ ಚೌಕಟ್ಟಿನ ನಂಬರು ಹುಡುಕಿದೆ. "ಬಿಲ್ ಐತಾ ಅಣ್ಣಾ?" ರತ್ನಮ್ಮ ದೇವರ ಕೋಣೆಯಿಂದ ಕುಂಕುಮ ಮೆತ್ತಿದ ಬಿಲ್ಲು ತಂದರು. ನಂಬರು ತಾಳೆಯಾಯಿತು. ಕಳ್ಳ ಸಿಗಲಿಲ್ಲವೆಂದು ನನಗೆ ನಿರಾಸೆಯೇ ಆಯಿತು.

"ಈಗ ನಮ್ ಸರದಿ" ಎಂದರು ಆಂಜಿನಪ್ಪ. "ಇವ್ರು ನಮ್ ಭಾಮೈದ. ಮುರುಗಮಲ್ಲದೋರೇ. ನಿನ್ನ ನೋಡ್ಬೇಕೂಂತ್ಲೇ ಕರ್ಸಿದ್ದು."

ಬಿಳಿ ಅಂಗಿಯವರು ನನ್ನನ್ನು ಅಳೆದು, "ಎವರಿಂಟೋಡಿವಿ ನಾಯನಾ?" ಅಂದರು.

ತೆಲುಗಿನ ರಾಗ ನನಗೆ ಬರುತ್ತದೆ, ತೆಲುಗು ಬರುವುದಿಲ್ಲ. ಬಹಳ ಚೆಂದದ ರಾಗದಲ್ಲಿ "ಅವುನು" ಅಂದೆ. ಯಾರ ಮನೆಯವನಪ್ಪ ಎಂದು ಕೇಳಿದರೆ 'ಹೌದು' ಅಂದಹಾಗಾಯಿತು.

"ಹೋದ ವರ್ಷ ಹಿಂಗೇ ಒಬ್ಬ ಬಂದಿದ್ದ" ಎಂದರು ಆಂಜಿನಪ್ಪ. "ಪಕ್ಕದೂರೇ ಅಂದ. ಒಂದು ರೌಂಡ್ ನೋಡ್ತೀನಿ ಅಂತ ನನ್ ಸೈಕಲ್ ಹತ್ತಿದೋನು ಇನ್ನೂ ರೌಂಡ್ ಹೊಡೀತಾನೇ ಅವ್ನೆ."

ಒಳ್ಳೆಯವರಿಗೆ ಮಾತ್ರ ಎಂದು ಬರೆದದ್ದೇಕೆಂದು ಆಗ ತಿಳಿಯಿತು. ಅನುಮಾನ ಪಡಬೇಕಾದ ಮಾಲು ನಾನೇ ಆಗಿದ್ದೆ. ಬೆವರಿ ನಿಜ ಹೇಳಿಬಿಟ್ಟೆ: "ಸುಳ್ಳ ಹೇಳೀನ್ರೀ ಅಣ್ಣಾರ. ನಾ ಇಂಡಿಯಾಂವ, ಬಿಜಾಪುರ ಜಿಲ್ಲಾ. ನಸೀಕಲೇ ಆರಕ್ಕ ಕೆಲಸಕ್ಕ ಹೋಗಬೇಕ್ರೀ, ಅದಕ್ಕ ಬಂದೀನಿ."

ಅದರಿಂದ ಇನ್ನೂ ಕೆಟ್ಟಿತು. "ಭಾವ, ಇವನ್ಗೆ ಎಷ್ಟು ಬಾಯಿ ಐತೆ ನೋಡು!" ಎಂದರು ಭಾಮೈದ. ನನ್ನ ಸ್ವಂತ ದನಿಯೇ ಅವರಿಗೆ ಹೊಸ ವೇಷದಂತೆ ಕೇಳಿತು.

"ಫೋನ್ ಮಾಡಪ್ಪ ನಿಮ್ಮಮ್ಮಂಗೆ" ಎಂದರು ರತ್ನಮ್ಮ. ಸ್ಪೀಕರ್ ಹಾಕಿಸಿ ತಾವೇ ಕೇಳಿದರು: "ಈ ಹುಡ್ಗ ನಿಮ್ಮೋನೇನಮ್ಮ? ಶುಕ್ರವಾರ ಕೊಡಲ್ಲಾಂದ್ವಿ, ಶನಿವಾರ ಅವ್ನೇ ಬರ್ಲಿಲ್ಲ."

"ಛಲೋ ಮಾಡೀರಿ ಬಿಡ್ರಿ" ಎಂದಳು ಅವ್ವ. "ಶನಿವಾರ ನಾನ ಬ್ಯಾಡ ಅಂದೀನ್ರಿ, ಕಬ್ಬಣ ಅಲ್ರೀ!"

"ಅಯ್ಯೋ, ಹೌದಲ್ವ! ನಮ್ಗೇ ಮರ್ತೋಗಿತ್ತು ನೋಡಿ."

"ಎಲ್ಲಾರ್ನೂ ಅಣಕಸ್ತಾನ್ರೀ ಅಂವ, ಸಣ್ಣಂವ ಇದ್ದಾಗಿಂದ. ಆದ್ರ ಕಳ್ಳ ಅಲ್ಲ."

ರತ್ನಮ್ಮ ಗಂಡನ ಕಡೆ ತಿರುಗಿದರು. "ವಾರ ನೋಡೋ ಮನೆಯೋರು ಕಣ್ರೀ. ಕೊಡಿ."

ಆಂಜಿನಪ್ಪನವರಿಗೆ ಬೇರೆ ಚಿಂತೆ. "ನನ್ನೂ ಅಣಕಿಸ್ದೇನಪ್ಪ? ಮಾಡು ನೋಡಣ."

ಗದ್ದ ಎತ್ತಿ, ಗಂಟಲು ಬಿಗಿಹಿಡಿದು, "ಐತೆ. ಯಾವೂರಪ್ಪ?" ಅಂದೆ. ಭಾಮೈದ ನಕ್ಕು ನಕ್ಕು ಜಗಲಿಯಿಂದ ಜಾರಿದರು. ಆಂಜಿನಪ್ಪ ನಗಲಿಲ್ಲ. "ನಾನು ಹಂಗಾ ಮಾತಾಡೋದು?"

"ಅದಕ್ಕಿಂತ ಜೋರು" ಎಂದರು ರತ್ನಮ್ಮ.

ಆದರೂ ಒಂದು ಸುತ್ತು ಓಡಿಸಿ ನೋಡಲು ಬಿಡುವ ಮುಂಚೆ ಫೋನನ್ನೂ ಚಪ್ಪಲಿಯನ್ನೂ ಜಗಲಿಯ ಮೇಲೆ ಇಡಿಸಿಕೊಂಡರು. ಬರಿಗಾಲಲ್ಲಿ ಒಂದು ಸುತ್ತು ಹೊಡೆದು ವಾಪಸ್ಸು ಬಂದು ಒಳ್ಳೆಯವನಾದೆ. ಬಸ್ಸಿನ ಮೇಲೆ ಹಾಕಿದರೆ ಯಾರಾದರೂ ಇಳಿಸಿಕೊಂಡಾರು ಎಂಬ ಸಂಶಯದಿಂದ ಚಿಂತಾಮಣಿಯವರೆಗೂ ತುಳಿದೇ ಬಂದೆ. ಸೋಮವಾರ ಆರಕ್ಕೆ ಐದು ನಿಮಿಷವಿರುವಾಗ ನರ್ಸರಿಯಲ್ಲಿದ್ದೆ. ಮಾಲೀಕರು ಗಡಿಯಾರ ನೋಡಿ, ಸೈಕಲ್ ನೋಡಿ, ಕೇಳಿದ್ದು ಒಂದೇ: "ಯಾರ್ದಪ್ಪ ಇದು?"

ಈಗ ಪ್ರತಿ ಭಾನುವಾರ ಆಂಜಿನಪ್ಪ ಫೋನ್ ಮಾಡುತ್ತಾರೆ. ಕುಶಲ ಕೇಳುವುದಿಲ್ಲ. "ಸೈಕಲ್ ಐತಾ?" ಅಷ್ಟೇ. "ಅದರೀ ಅಣ್ಣಾರ" ಎಂದು ನನ್ನ ಊರಿನ ದನಿಯಲ್ಲೇ ಹೇಳುತ್ತೇನೆ. ಬೇರೆ ದನಿ ತೆಗೆದರೆ ಅವರು ಮುಂದಿನ ಬಸ್ಸಿಗೇ ಬಂದಾರು.

ಅದಾದ ಮೇಲೆ ಅವ್ವನ ಫೋನು. ಮೊನ್ನೆ "ಉಂಡ್ಯೇನೋ?" ಅಂದಳು.

"ಆಯ್ತು ಕಣಮ್ಮ. ಮುದ್ದೆ, ಬಸ್ಸಾರು."

ಅವ್ವ ಸಂಶಯದಿಂದ ಕೇಳಿದಳು: "ಯಾರ್ನ ಅಣಕಸ್ಲಿಕ್ಕತ್ತಿ ಈಗ?"

ಯಾರನ್ನೂ ಅಲ್ಲ ಅಂದೆ. ಅವಳು ನಂಬಲಿಲ್ಲ.