ಮನೆ ಮಜ್ಜಿಗೆ ಡೈರಿಯಲ್ಲ

ನಲವತ್ತರ ಹೊಸ್ತಿಲಲ್ಲಿ ಹೆತ್ತ ಮಗಳ ಡೈಪರಿನಲ್ಲಿ ಲೋಳೆಯ ಜೊತೆ ರಕ್ತದ ಗೆರೆ ಕಂಡು ನನ್ನ ಜೀವ ಬಾಯಿಗೆ ಬಂತು. ಎದೆಹಾಲು ಬಿಟ್ಟರೆ ಅವಳಿಗೆ ಬೇರೇನೂ ಕೊಡುತ್ತಿರಲಿಲ್ಲ. ನಾನು ತಿನ್ನುವ ಡೈರಿ ಪದಾರ್ಥ ಎದೆಹಾಲಿನ ಮೂಲಕ ಹೋಗಿ ಮಗುವಿಗೆ ಒಗ್ಗದೆ ಇರಬಹುದು, ಪೂರ್ತಿ ಬಿಟ್ಟು ನೋಡಿ ಎಂದರು ಇಲ್ಲಿ ಕೆನಡಾದ ಸ್ಟೌಫ್‌ವಿಲ್‌ನ ಡಾಕ್ಟರಮ್ಮ. ಅದಕ್ಕೂ ಬಗ್ಗದಿದ್ದರೆ ಎದೆಹಾಲು ನಿಲ್ಲಿಸಿ ವಿಶೇಷ ಡಬ್ಬಿ ಹಾಲು.

ಬಾಣಂತನಕ್ಕೆ ಮೈಸೂರಿನಿಂದ ಬಂದಿದ್ದ ಅಮ್ಮನಿಗೂ "ಡೈರಿ ಬೇಡ" ಎಂದು ಹೇಳಿದೆ. ಕಾಫಿ ಬಿಟ್ಟೆ, ಪಿಜ್ಜಾದ ಮುಖ ನೋಡಲಿಲ್ಲ. ವಾರಗಳು ಕಳೆದರೂ ಗೆರೆ ಹೋಗಲಿಲ್ಲ. ಇನ್ನು ಡಬ್ಬಿಯೇ ಗತಿ ಎಂದು ಅಳುತ್ತಾ ಅಡುಗೆಮನೆಗೆ ಹೋದರೆ, ಅಮ್ಮ ನನ್ನ ರವೆದೋಸೆಯ ಹಿಟ್ಟಿಗೆ ಮಜ್ಜಿಗೆ ಸುರಿಯುತ್ತಿದ್ದಳು.

"ಅಮ್ಮಾ! ಡೈರಿ ಬೇಡ ಅಂದಿದ್ನಲ್ಲ!"

"ಇದ್ಯಾವ ಡೈರೀದೇ? ನಾನೇ ಹೆಪ್ಪು ಹಾಕಿ ನಾನೇ ಕಡೆದಿದ್ದು!"

ಅಮ್ಮನ ಪಾಲಿಗೆ ಡೈರಿ ಎಂದರೆ ಮೈಸೂರಿನ ಮನೆಯ ಬೀದಿ ತುದಿಯ ಪ್ಯಾಕೆಟ್ ಹಾಲಿನ ಅಂಗಡಿ. ಮನೆಯಲ್ಲಿ ಆದದ್ದು ಡೈರಿ ಹೇಗಾದೀತು?

"ಒಗ್ಗರಣೆಗೆ ಏನ್ ಹಾಕ್ತಿದೀಯ?"

"ತುಪ್ಪ. ಬಾಣಂತಿಗೆ ಯಾವಳಾದ್ರೂ ಎಣ್ಣೆ ಹಾಕ್ತಾಳಾ, ಕರ್ಮ!"

"ಅಮ್ಮಾ, ಹಸುವಿಂದ ಬಂದಿದ್ದು ಯಾವ್ದೂ ಬೇಡ."

"ಹಾಗಂತ ಕನ್ನಡದಲ್ಲಿ ಬೊಗಳೋಕೆ ಏನಾಗಿತ್ತು ನಿಂಗೆ?"

ಆಮೇಲೆ ಡೈಪರು ನಿಧಾನಕ್ಕೆ ಶುಭ್ರವಾಯಿತು. ಮಗು ಎದೆಹಾಲಿನಲ್ಲೇ ಉಳಿಯಿತು. ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದಳು: "ಡಾಕ್ಟ್ರು ಏನೋ ಡೈರಿ ಗೀರಿ ಅಂತಿದ್ರು. ಹಸೂದು ಅಂತ ಕಂಡ್ಹಿಡಿದಿದ್ದು ನಾನೇ ಕಣೇ."