ಅಜ್ಜಿಯ ಬೇರೆ ಒಲೆ

ಟ್ರ್ಯಾಕ್ಟರ್ ಇಟ್ಟುಕೊಂಡವರ ರೇಷನ್ ಕಾರ್ಡುಗಳನ್ನೆಲ್ಲ ರದ್ದು ಮಾಡಬೇಕು ಎಂದು ಸಾದಲಿಯ ಬಸ್‌ಸ್ಟಾಂಡಿನಲ್ಲಿ ಗಂಟಲು ಹರಿದುಕೊಂಡವಳು ನಾನೇ. ಸರ್ಕಾರ ನನ್ನ ಮಾತು ಕೇಳಿತು. ಟ್ರ್ಯಾಕ್ಟರಿನವರದು ಹಾಗೇ ಉಳಿಯಿತು, ನಮ್ಮದು ಹೋಯಿತು! ಬೈಕ್ ಸಾಲಕ್ಕೆ ಬೇಕೆಂದು ಅಣ್ಣ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸಲ್ಲಿಸಿದ್ದ. ಒಂದು ಪೈಸೆ ತೆರಿಗೆ ಕಟ್ಟಿದವನಲ್ಲ. ಆದರೂ ಕಂಪ್ಯೂಟರಿನ ಕಣ್ಣಿಗೆ ನಾವು ಸಾಹುಕಾರರಾದೆವು.

ಅಕ್ಕಿ ಹೋದರೆ ಹೋಗಲಿ, ಮನೆಯಲ್ಲಿ ರಾಗಿಯಿತ್ತು. ಚಿಂತೆಯೆಲ್ಲ ಅಜ್ಜಿಯ ಮಂಡಿಯದು. ಆಪರೇಷನ್ ಉಚಿತವಾಗಿ ಆಗಬೇಕಾದರೆ ಕಾರ್ಡ್ ಬೇಕೇ ಬೇಕು ಎಂದಿದ್ದರು ಆಸ್ಪತ್ರೆಯವರು. ಅಜ್ಜಿ ಬಚ್ಚಲಿಗೂ ಗೋಡೆ ಹಿಡಿದೇ ಹೋಗುತ್ತಿದ್ದಳು.

ಕೊನೆಗೆ ಅಮ್ಮನೇ ಉಪಾಯ ಕಂಡುಹಿಡಿದಳು. ಅತ್ತೆ ಬೇರೆ ಒಲೆ ಹೂಡಿದ್ದಾರೆ ಎಂದು ಅರ್ಜಿ ಹಾಕುವುದು. ಒಂಟಿ ಮುದುಕಿಗೆ ಕಾರ್ಡ್ ಕೊಡುವುದಿಲ್ಲ ಎಂದು ಯಾರೂ ಅನ್ನಲಾರರು. ಜಗಲಿಯ ಕಟ್ಟೆಯ ಮೇಲೆ, ನಿಂತು ಬೇಯಿಸುವ ಎತ್ತರಕ್ಕೆ, ಮೂರು ಕಲ್ಲು ಇಟ್ಟೆವು. ಕಲ್ಲಿಗೆ ಮಸಿ ಹತ್ತಿರಲಿಲ್ಲ. ನಾನೇ ಇದ್ದಿಲು ತಿಕ್ಕಿ ಹಳೆಯದು ಮಾಡಿದೆ.

ಆ ವಾರ ಮನೆ ತುಂಬ ರೇಷ್ಮೆಹುಳು. ಹುಳು ಇರುವಷ್ಟು ದಿನ ನಮ್ಮ ಮನೆಯೊಳಗೆ ಒಗ್ಗರಣೆ ಹಾಕುವುದಿಲ್ಲ. ಘಾಟಿಗೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟರೆ ಬೆಳೆಯೇ ಹೋಯಿತು. ಹೀಗಾಗಿ ಎಲ್ಲರ ಒಗ್ಗರಣೆಯೂ ಜಗಲಿಯ ಒಲೆಯ ಮೇಲೇ ಆಗುತ್ತಿತ್ತು.

ತಪಾಸಣೆಯ ಅಧಿಕಾರಿ ಬಂದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಶುರುಮಾಡಿದಳು: "ಬೇರೆ ಆಗಿ ಐದು ವರ್ಷ ಆಯ್ತು ಸ್ವಾಮಿ. ಇವ್ರ ಮನೆ ನೀರೂ ಮುಟ್ಟಲ್ಲ." ಅವರು ಬರೆದುಕೊಳ್ಳುತ್ತಿದ್ದರು. ಒಳಗೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ಅಮ್ಮನಿಗೆ ಅಧಿಕಾರಿ ಬಂದದ್ದೇ ಗೊತ್ತಿಲ್ಲ. ಸಾರಿನ ಪಾತ್ರೆ ಹಿಡಿದು ಹೊರಗೆ ಬಂದೇಬಿಟ್ಟಳು.

"ಅತ್ತೆ, ಬೇಗ ಒಂದು ಒಗ್ಗರಣೆ ಕೊಟ್ಬಿಡಿ. ಎಲ್ರಿಗೂ ಹೊಟ್ಟೆ ಹಸೀತಾ ಇದೆ."

ಪೆನ್ನು ನಿಂತಿತು. ಕೆಟ್ಟೆವಲ್ಲಪ್ಪಾ ಎಂದುಕೊಂಡೆ. ಅಜ್ಜಿ ಮಾತ್ರ ಸೌಟು ಎತ್ತಿಕೊಂಡಳು.

"ಬೇರೆ ಆದ್ಮೇಲೂ ನನ್ನ ಒಲೆಗೇ ಬರ್ತೀಯಲ್ಲೇ, ನಾಚ್ಕೆ ಇಲ್ವಾ? ಈ ಮನೆಗೆ ಬಂದಾಗ್ನಿಂದ ಅತ್ತೆ, ನಿಮಗೇನು ಬೇಕು ಅಂತ ಒಂದಿನಾನಾದ್ರೂ ಕೇಳಿದ್ಯಾ? ಇಕ್ಕಿದ್ದು ತಿಂದು ಬಿದ್ದಿರ್ಬೇಕಾ ನಾನು?"

ಇದು ನಾವು ಕಲಿಸಿಕೊಟ್ಟ ಮಾತಾಗಿರಲಿಲ್ಲ. ಅಮ್ಮ ಪಾತ್ರೆ ಹಿಡಿದೇ ಗೊಳೋ ಎಂದು ಅತ್ತಳು. ಅಧಿಕಾರಿ ಗಾಬರಿಯಿಂದ ಎದ್ದು ನಿಂತರು.

"ಆಯ್ತಮ್ಮ, ಆಯ್ತು! ಬೇರೇನೇ ಅಂತ ಬರ್ಕೊಂಡೆ. ಜಗಳ ಆಡ್ಬೇಡಿ."

ಅವರು ತಿರುವು ದಾಟುತ್ತಲೇ ಎಂಥ ನಟನೆ ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಬ್ಬರೂ ನಗಲಿಲ್ಲ.

ಕಾರ್ಡ್ ಬಂತು, ಆಪರೇಷನ್ನೂ ಆಯಿತು. ಕೆಲವು ತಿಂಗಳಲ್ಲಿ ಅಜ್ಜಿ ಗೋಡೆ ಬಿಟ್ಟು ನಡೆದಾಡತೊಡಗಿದಳು. ನನಗೆ ಕುಣಿಯುವಷ್ಟು ಸಂತೋಷ. ಅವಳ ಅಡುಗೆ ಮಾತ್ರ ಇನ್ನೂ ಜಗಲಿಯ ಒಲೆಯ ಮೇಲೇ ನಡೆದಿತ್ತು. ಅಮ್ಮ ಒಂದು ದಿನ ಒಳಗೆ ತಟ್ಟೆ ಹಾಕಿ ಕರೆದಳು.

"ಅತ್ತೆ, ಆ ಕಲ್ಲು ತೆಗೆಸಿಬಿಡ್ತೀನಿ. ಇನ್ಮೇಲೆ ನಿಮಗೇನು ಬೇಕು ಹೇಳಿ, ಅದನ್ನೇ ಮಾಡ್ತೀನಿ."

"ಬೇಡ ಕಣಮ್ಮ," ಎಂದಳು ಅಜ್ಜಿ, ಬಹಳ ಮೆತ್ತಗೆ. "ಮೊದ್ಲು ನಮ್ಮತ್ತೆ ಹೇಳಿದ್ದು ಬೇಯಿಸ್ದೆ, ಆಮೇಲೆ ಗಂಡ ಕೇಳಿದ್ದು, ಆಮೇಲೆ ನೀನು ಇಕ್ಕಿದ್ದು ತಿಂದೆ. ಈಗ ನಂಗೆ ಬೇಕಾದ್ದು ಬೇಯಿಸ್ಕೊಳ್ತಾ ಇದೀನಿ. ಚೆನ್ನಾಗಿದೆ."

ಅಮ್ಮ ಒಳಗೆ ಹೋಗಿ ಹಾಕಿದ್ದ ತಟ್ಟೆ ಎತ್ತಿಟ್ಟಳು. ಅವಳು ಬಿಕ್ಕುವುದು ಜಗಲಿಗೂ ಕೇಳಿಸುತ್ತಿತ್ತು. ಅಜ್ಜಿ ಒಲೆ ಊದುತ್ತಲೇ ಇದ್ದಳು.