ಮರುಹೊಂದಿಸು

ನಾನು ಮೊದಲೇ ಗಾಬರಿಯ ಆಸಾಮಿ. ಗ್ಯಾಸ್ ಆಫ್ ಮಾಡಿ, ಬೀಗ ಹಾಕಿ, ಮತ್ತೆ ಬೀಗ ತೆಗೆದು ಗ್ಯಾಸ್ ನೋಡುವವನು. ಇಂಥವನಿಗೆ ಸಿಕ್ಕ ಕೆಲಸ ನೋಡಿ: ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದ ಮಕ್ಕಳು ಉತ್ತರ ಹುಡುಕುವಾಗ ಯಾವ ಬಟನ್ ಒತ್ತಿದರು, ಎಲ್ಲಿ ತಡೆದು ನಿಂತರು ಎನ್ನುವ ದಾಖಲೆಯನ್ನೆಲ್ಲ ರಾಶಿ ಹಾಕಿಕೊಂಡು, ಅವರು ಹೇಗೆ ಯೋಚಿಸಿದರು ಎಂದು ಅಂಕಿಅಂಶದಿಂದ ಹೇಳುವುದು.

ಆ ಸಲ ನೆಲಮಂಗಲ ತಾಲ್ಲೂಕಿನ ಶಾಲೆಗಳ ಸರದಿ. ಪರದೆಯ ಮೇಲೆ ಮೂರು ಪಂಪು, ಎರಡು ತೊಟ್ಟಿ. ಯಾವ ಪಂಪು ಯಾವ ತೊಟ್ಟಿ ತುಂಬುತ್ತದೆಂದು ಮಕ್ಕಳು ಕಂಡುಹಿಡಿಯಬೇಕು. ಇಂಗ್ಲಿಷಿನಲ್ಲಿ ಬರೆದವರು ಬೇಗ ಮುಗಿಸಿದ್ದರು. ಕನ್ನಡದಲ್ಲಿ ಬರೆದವರಲ್ಲಿ ಬಹಳ ಮಂದಿ ಇನ್ನೇನು ಮುಗಿಯಿತು ಅನ್ನುವಾಗ ಎಲ್ಲವನ್ನೂ ಅಳಿಸಿ, ಮೊದಲಿನಿಂದ ಶುರುಮಾಡಿ, ಮತ್ತೆ ಅಳಿಸಿದ್ದರು. ನನ್ನ ಲೆಕ್ಕ ಅವರನ್ನೆಲ್ಲ ಒಂದೇ ಗುಂಪಿಗೆ ತಳ್ಳಿತು. ಗುಂಪಿಗೆ ಹೆಸರಿಡಬೇಕಿತ್ತು, "ಗೊತ್ತುಗುರಿಯಿಲ್ಲದೆ ಒತ್ತುವವರು" ಎಂದು ಇಟ್ಟೆ. ಆ ಗುಂಪಿನವರಿಗೆ ಪರೀಕ್ಷೆಯ ಎರಡನೇ ಸುತ್ತಿಲ್ಲ. ವರದಿ ಬರೆದು ಆಫೀಸಿನಲ್ಲಿ ಕೊಟ್ಟೆ, ಸೋಮವಾರ ಅದು ಪರೀಕ್ಷೆ ನಡೆಸಿದವರಿಗೆ ಹೋಗಬೇಕು.

ಹೆಸರಿಟ್ಟ ಮೇಲೂ ಆ ಪಟ್ಟಿಯನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಇಷ್ಟೊಂದು ಮಕ್ಕಳು ಒಟ್ಟಿಗೆ ದಡ್ಡರಾಗುತ್ತಾರೆಯೆ? ಭಾನುವಾರ ತ್ಯಾಮಗೊಂಡ್ಲಿನ ಅಕ್ಕನ ಮನೆಗೆ ಹೋದೆ. ಏಳನೇ ಕ್ಲಾಸಿನ ಅಕ್ಕನ ಮಗಳೂ ಅದೇ ಪರೀಕ್ಷೆ ಬರೆದಿದ್ದಳು, ಕನ್ನಡದಲ್ಲಿ. ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

"ಪಂಪಿನ ಲೆಕ್ಕ ಹೆಂಗಿತ್ತೇ?"

"ಬರ್ತಿತ್ತು ಮಾಮ. ಕೊನೇಲಿ ಒಂಚೂರು ಹೊಂದ್ತಿರ್ಲಿಲ್ಲ. ಮೂಲೇಲಿ 'ಮರುಹೊಂದಿಸು' ಅಂತ ಬಟನ್ ಇತ್ತಲ್ಲ, ಸರಿಯಾಗಿ ಹೊಂದಿಸ್ಕೊಡ್ತದೆ ಅಂತ ಒತ್ದೆ. ಎಲ್ಲಾ ಹೋಗ್ಬಿಡ್ತು."

ಎಲ್ಲವನ್ನೂ ಅಳಿಸುವ ರೀಸೆಟ್ ಬಟನ್ನಿಗೆ ಯಾವನೋ ಪುಣ್ಯಾತ್ಮ ಕೊಟ್ಟ ಕನ್ನಡ ಅದು. ಎಷ್ಟು ಸಲ ನೋಡಿದ್ದರೂ ನಾನು ಅದನ್ನು ರೀಸೆಟ್ ಅಂತಲೇ ಓದಿದ್ದೆ, ಕನ್ನಡ ಅಂತ ಓದಿರಲಿಲ್ಲ.

"ಆಮೇಲೆ?"

"ನಾನೇ ಏನೋ ತಪ್ಪು ಮಾಡಿರ್ಬೇಕು ಅಂತ ಮೊದಲಿಂದ ಮಾಡ್ದೆ. ಮತ್ತೆ ಹೊಂದಿಸಕ್ಕೆ ಒತ್ದೆ, ಮತ್ತೆ ಹೋಯ್ತು. ಬೆಲ್ ಹೊಡೆಯೋಗಂಟ ಅದೇ ಆಯ್ತು."

ಅಂಗಳಕ್ಕೆ ಬಂದು, ನಮ್ಮ ಆಫೀಸಿನಲ್ಲಿ ವರದಿ ಕಳಿಸುವ ಮೇಡಂಗೆ ಫೋನ್ ಹಚ್ಚಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಅಯ್ಯೋ, ಸೋಮವಾರದ ತನಕ ಯಾಕೆ ಅಂತ ನಿನ್ನೇನೇ ಕಳಿಸ್ಬಿಟ್ಟೆನಲ್ಲ," ಅಂದರು. "ಇರಿ, ವಾಪಸ್ ಕೇಳಿ ನೋಡ್ತೀನಿ. ಒಪ್ತಾರೋ ಇಲ್ವೋ."

ಫೋನ್ ಇಟ್ಟೆ. ಅಕ್ಕನ ಮಗಳು ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು.

"ಮಾಮ, ಆ ಬಟನ್ ಒತ್ತಬಾರ್ದಿತ್ತಾ?"

"ಇಲ್ಲ ಕಣಮ್ಮ. ಆ ಪದಾನ ನೀನು ಓದ್ಕೊಂಡಿದ್ದು ಸರಿಯಾಗೇ ಇದೆ."

ಅವಳ ಮುಖ ಅರಳಿತು. "ಹಂಗಾದ್ರೆ ಎರಡನೇ ಸುತ್ತಿಗೆ ಕರೀತಾರೆ ಅನ್ನು."

ನಾನು ಫೋನ್ ನೋಡಿದೆ. ಮೇಡಂ ಇನ್ನೂ ವಾಪಸ್ ಫೋನ್ ಮಾಡಿರಲಿಲ್ಲ.